ಈ ಚೀಟಿ ಎಷ್ಟೊತ್ತಿಗೆ ಮುಗಿತದ್ರಿ?

ನಮ್ಮ ಕಾಲೇಜಿನ ಗ್ಯಾದರಿಂಗ್‌ಗೆ ಹಳೆಯ ಕಾದಂಬರಿಯೊಂದನ್ನು ನಾಟಕ ಮಾಡಿಸಿದ್ದೆ. ನಡುವೆ ಒಂದು ಉದ್ದನೆಯ ಕಾಗದ ಬರುತ್ತದೆ. ಅದರಲ್ಲಿ ಒಂದಕ್ಷರ ಬಿಡಲೂ ನನಗೆ ಮನಸ್ಸಾಗಲಿಲ್ಲ. ನಾಯಕಿ ನಿಂತಳು, ಓದಿದಳು, ಓದುತ್ತಲೇ ಇದ್ದಳು. ಮುಂದಿನ ಸಾಲಿನಲ್ಲಿದ್ದ ಹುಡುಗ ಕೇಳಿಯೇ ಬಿಟ್ಟ: "ಸರ್, ಈ ಚೀಟಿ ಎಷ್ಟೊತ್ತಿಗೆ ಮುಗಿತದ್ರಿ?"

ಮೇ ತಿಂಗಳ ರಜೆ. ಕಲಬುರಗಿ ಬಿಸಿಲು ಗೊತ್ತಲ್ಲ, ಹೊರಗೆ ಕಾಲಿಡುವ ಹಾಗಿಲ್ಲ. ಕೂಲರ್ ಮುಂದೆ ಕೂತು 1995ರ ಬಿಬಿಸಿಯ ಟಿವಿ ಧಾರಾವಾಹಿ 'ಪ್ರೈಡ್ ಅಂಡ್ ಪ್ರೆಜುಡಿಸ್' ಮತ್ತೆ ನೋಡಿದೆ. ಆರು ಕಂತು. ಅದರಲ್ಲೂ ಅಂಥದ್ದೇ ಒಂದು ಕಾಗದ ಇದೆ, ನಾಯಕ ಡಾರ್ಸಿ ನಾಯಕಿ ಎಲಿಜಬೆತ್‌ಗೆ ಬರೆದದ್ದು. ಜೇನ್ ಆಸ್ಟಿನ್ ಬರೆದ ಮೂಲ ಪುಸ್ತಕದಲ್ಲಿ ಆ ಕಾಗದ ಅವಳ ಕೈಗೆ ಬಂದಾಗಲೇ ನಮ್ಮ ಕೈಗೂ ಬರುತ್ತದೆ. ಚಿತ್ರಕಥೆಗಾರ ಆಂಡ್ರ್ಯೂ ಡೇವಿಸ್ ಹಾಗೆ ಮಾಡಲಿಲ್ಲ. ಡಾರ್ಸಿಯನ್ನು ರಾತ್ರಿಯಿಡೀ ಕೂರಿಸಿ ಬರೆಸಿದರು. ಮೇಣದಬತ್ತಿ, ಗರಿಯ ಲೇಖನಿ, ಬರೀ ಶರ್ಟಿನಲ್ಲಿ ಕೂತ ಮನುಷ್ಯ. ನಡುನಡುವೆ ವಿಕ್‌ಹ್ಯಾಮ್ ಅನ್ನುವವನು ಮಾಡಿದ ಮೋಸಗಳು ಕಣ್ಣಮುಂದೆ. ಯಾರೂ ನಿಂತು ಓದುವುದಿಲ್ಲ, ಆದರೂ ಕಾಗದ ಪೂರ್ತಿ ಅರ್ಥವಾಗುತ್ತದೆ.

ಡೇವಿಸ್ ಹುಟ್ಟಿದ್ದು 1936ರಲ್ಲಿ, ಕಾರ್ಡಿಫ್‌ನಲ್ಲಿ. ವಾರಿಕ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಲೇ ಟಿವಿಗೆ ಬರೆದವರು. ಅವರೂ ಮೇಷ್ಟ್ರೇ ಅಂತ ಗೊತ್ತಾದಾಗ ನನಗೆ ಸುಮ್ನೆ ಒಂದು ಧೈರ್ಯ ಬಂತು. ಟಾಲ್‌ಸ್ಟಾಯ್‌ನ 'ವಾರ್ ಅಂಡ್ ಪೀಸ್' ಅನ್ನೂ 2016ರಲ್ಲಿ ಆರೇ ಕಂತಿಗೆ ಇಳಿಸಿದರು. ನನಗೆ ಜಾಸ್ತಿ ಇಷ್ಟ ಮಾತ್ರ 2005ರ 'ಬ್ಲೀಕ್ ಹೌಸ್'. ಡಿಕನ್ಸ್ ತಿಂಗಳು ತಿಂಗಳು ಕಂತಾಗಿ ಹೊರತಂದ ಕಥೆ ಅದು. ಡೇವಿಸ್ ಅದನ್ನು 15 ಕಂತು ಮಾಡಿದರು, ಹೆಚ್ಚಿನವು ಅರ್ಧರ್ಧ ಗಂಟೆಯವು. ನಮ್ಮ ಸಂಜೆಯ ಧಾರಾವಾಹಿ ಥರಾನೇ, ಅಲ್ವಾ?

ಅಂದಹಾಗೆ, 'ಪ್ರೈಡ್ ಅಂಡ್ ಪ್ರೆಜುಡಿಸ್' ಧಾರಾವಾಹಿಯಲ್ಲಿ ಡಾರ್ಸಿ ಕೆರೆಗೆ ಹಾರುತ್ತಾನಲ್ಲ, ಅದು ಪುಸ್ತಕದಲ್ಲಿ ಇಲ್ಲವೇ ಇಲ್ಲ. ಜನ ನೆನಪಿಟ್ಟದ್ದು ಅದನ್ನೇ! ನನಗೆ ಅದು ಸ್ವಲ್ಪ ಅತಿ ಅನ್ನಿಸಿತು. ಇಲ್ಲಿ ನಮ್ಮ ಕಲಬುರಗಿಯ 'ಅಪ್ಪನ ಕೆರೆ'ಗೆ ಯಾರಾದರೂ ಬಟ್ಟೆ ಸಮೇತ ಹಾರಿದರೆ ಪ್ರೇಮ ಅನ್ನುವುದಿಲ್ಲ, 112ಕ್ಕೆ ಫೋನ್ ಹಚ್ಚುತ್ತಾರೆ.

ಈಗ ನನ್ನ ನಾಟಕ ತಿದ್ದುತ್ತಿದ್ದೇನೆ. ನಾಯಕಿಯನ್ನು ಕೂರಿಸಿ, ಕಾಗದ ಬರೆದ ಅವಳ ಅಣ್ಣನನ್ನು ರಂಗದ ಮೇಲೆ ತಂದಿದ್ದೇನೆ. ಶಹಾಬಾದಿ ಕಲ್ಲಿನ ನೆಲದ ಮೇಲೆ ಬೋರಲು ಮಲಗಿ, ಲಾಟೀನು ಹತ್ತಿರ ಎಳೆದುಕೊಂಡು ಬರೆಯುತ್ತಾನೆ. ಒಂದು ಸಾಲು ಹೊಡೆದು ಹಾಕುತ್ತಾನೆ, ಮತ್ತೆ ಅದನ್ನೇ ಬರೆಯುತ್ತಾನೆ. ಮೂರು ಪುಟ ಇದ್ದದ್ದು ಅರ್ಧ ಪುಟಕ್ಕೆ ಬಂತು.

ಆ ಹುಡುಗ ಈಗ ಫೈನಲ್ ಇಯರ್. ಅಣ್ಣನ ಪಾತ್ರ ಅವನಿಗೇ ಕೊಟ್ಟಿದ್ದೇನೆ.