ಓಡಿದ್ದೆಷ್ಟು ಅಂತಲ್ಲ, ನಿಂತಿದ್ದೆಷ್ಟು ಅಂತ ಕೇಳಿ

ನನಗೆ ಬರುವ ಮೆಸೇಜುಗಳಲ್ಲಿ ಒಂದು ಬಗೆಯದು ಎಂದೂ ತಪ್ಪುವುದಿಲ್ಲ. ಮೊದಲು ಮಾರಾಟಕ್ಕಿರುವ ಒಂದು ಹಳೇ ಕ್ಯಾಂಪರ್‌ವ್ಯಾನಿನ ಫೋಟೊ, ಬಿಳಿ ಬಣ್ಣದ್ದು. ಆಮೇಲೆ ಅದರ ಒಳಗಿನ ಫೋಟೊ: ಪುಟ್ಟ ಅಡುಗೆ ಕಟ್ಟೆ, ಹಿಂದುಗಡೆ ಹಾಸಿಗೆ, ಕಿಟಕಿಗೆ ಹೂವಿನ ಪರದೆ. ಕೆಳಗೆ ಎರಡು ಸಾಲು. "14 ವರ್ಷದ ಗಾಡಿ, 60 ಸಾವಿರ ಕಿಲೋಮೀಟರ್ ಓಡಿದೆ. ತಗೋಬಹುದಾ?" ಇನ್ನು ಕೆಲವರು ಎರಡು ಗಾಡಿ ಮುಂದಿಟ್ಟು ಕೇಳುತ್ತಾರೆ. ಒಂದು ಹಳೇದು, ಕಡಿಮೆ ಓಡಿದೆ. ಇನ್ನೊಂದು ಅಷ್ಟು ಹಳೇದಲ್ಲ, ಆದರೆ ಸಿಕ್ಕಾಪಟ್ಟೆ ಓಡಿದೆ. ಯಾವುದು ಒಳ್ಳೇದು?

ಫೋಟೊ ನೋಡಿ ಹೇಳೋಕಾಗಲ್ಲ ಅಂದರೆ ಯಾರಿಗೂ ಸಮಾಧಾನ ಆಗುವುದಿಲ್ಲ. ಅದಕ್ಕೇ ಒಂದು ಸಲ ಕೂತು ಪೂರ್ತಿ ಬರೆದುಬಿಡುತ್ತೇನೆ.

ನನ್ನ ಲೆಕ್ಕದಲ್ಲಿ ಮೊದಲು ಗಾಡಿಯ ಸ್ಥಿತಿ, ಆಮೇಲೆ ವಯಸ್ಸು, ಕಟ್ಟಕಡೆಗೆ ಕಿಲೋಮೀಟರ್. ಹೆಚ್ಚಿನವರು ಇದನ್ನು ಉಲ್ಟಾ ನೋಡುತ್ತಾರೆ. ಕಾರು ಕೊಂಡು ರೂಢಿ ಇರುವುದರಿಂದ ಕಣ್ಣು ಮೊದಲು ಮೀಟರಿಗೇ ಹೋಗುತ್ತದೆ. ಆದರೆ ಕ್ಯಾಂಪರ್‌ವ್ಯಾನ್ ಬರೀ ಗಾಡಿಯಲ್ಲ, ಗಾಡಿಯೊಳಗೆ ಕಟ್ಟಿದ ಒಂದು ಮನೆ. ಗಾಡಿ ಸವೆಯುವುದು ಓಡಿ ಓಡಿ. ಮನೆ ಹಾಳಾಗುವುದು ನಿಂತಲ್ಲೇ. ಮೀಟರಿಗೆ ಗೊತ್ತಿರುವುದು ಮೊದಲನೆಯದು ಮಾತ್ರ.

ಕ್ಯಾಂಪರ್ ಮಾಡಲು ಬಳಸುವ ವ್ಯಾನುಗಳನ್ನೇ ನೋಡಿ. 1965ರಲ್ಲಿ ಬಂದ ಫೋರ್ಡ್ ಟ್ರಾನ್ಸಿಟ್, 1981ರ ಫಿಯೆಟ್ ಡುಕಾಟೊ, 1995ರ ಮರ್ಸಿಡಿಸ್ ಸ್ಪ್ರಿಂಟರ್. ಇವೆಲ್ಲ ಸಾಮಾನು ಸಾಗಿಸೋಕೆ ಹುಟ್ಟಿದ ಗಾಡಿಗಳು. ಬೆಳಗಿಂದ ಸಂಜೆ ತನಕ ದುಡಿಯಲಿ ಅಂತಲೇ ಮಾಡಿದ್ದು. ಹೊತ್ತು ಹೊತ್ತಿಗೆ ಆಯಿಲ್ ಬದಲಾಯಿಸಿದ ಡೀಸೆಲ್ ಎಂಜಿನ್ನಿಗೆ 2 ಲಕ್ಷ ಕಿಲೋಮೀಟರ್ ಮುಪ್ಪೇನಲ್ಲ. 3 ಲಕ್ಷ ದಾಟಿ ಓಡುತ್ತಿರುವವೂ ಬೇಕಾದಷ್ಟಿವೆ.

ಈಗ ಮೇಲೆ ಹೇಳಿದ 14 ವರ್ಷದ ಗಾಡಿಗೆ ಬರೋಣ. 60 ಸಾವಿರ ಅಂದರೆ ವರ್ಷಕ್ಕೆ ಹೆಚ್ಚುಕಡಿಮೆ 4,300 ಕಿಲೋಮೀಟರ್. ಕೇಳೋಕೆ ಚೆನ್ನಾಗಿದೆ ಅಲ್ವಾ? ಆ 4,300 ಹೇಗೆ ಓಡಿತು ಅನ್ನುವುದು ಮುಖ್ಯ. ವರ್ಷಕ್ಕೆರಡು ದೊಡ್ಡ ಪ್ರವಾಸದಲ್ಲಿ ಓಡಿದ್ದರೆ ಚಿಂತೆಯಿಲ್ಲ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ, ಒಂದು ಸುತ್ತು ಹಾಕಿ, ಎಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ತಂದು ನಿಲ್ಲಿಸಿದ್ದರೆ ಕಷ್ಟ. ಸೈಲೆನ್ಸರಿನೊಳಗೆ ನೀರು ನಿಂತು ತುಕ್ಕು ಹಿಡಿಯುತ್ತದೆ. ಹೊಸ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಒಂದು ಫಿಲ್ಟರ್ ಇರುತ್ತದೆ, ಡಿಪಿಎಫ್ ಅಂತ. ಅದರ ಮಸಿ ಸುಟ್ಟು ಹೋಗಬೇಕಾದರೆ ಗಾಡಿ ದೊಡ್ಡ ರಸ್ತೆಯಲ್ಲಿ ಒಂದೇ ಸಮ ಓಡಬೇಕು. ಓಡದಿದ್ದರೆ ಅದು ಕಟ್ಟಿಕೊಳ್ಳುತ್ತದೆ. ನಿಂತ ಗಾಡಿಯ ಬ್ರೇಕ್ ಡಿಸ್ಕಿಗೆ ತುಕ್ಕು ಬರುತ್ತದೆ, ಡಿಸ್ಕನ್ನು ಹಿಡಿದು ನಿಲ್ಲಿಸುವ ಕ್ಯಾಲಿಪರ್ ಜಾಮ್ ಆಗುತ್ತದೆ, ರಬ್ಬರ್ ಸೀಲುಗಳು ಒಣಗುತ್ತವೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಅದನ್ನು ಗಾಡಿ ಓಡಲಿ ಬಿಡಲಿ, 2 ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನುವುದು ಇದಕ್ಕೇ. ಇಷ್ಟು ಸಾಲದು ಅಂತ ಇಲಿಗಳು ಬೇರೆ. ನಿಂತ ಗಾಡಿಯ ಬಾನೆಟ್ಟಿನಷ್ಟು ಬೆಚ್ಚಗಿನ ಜಾಗ ಅವಕ್ಕೆ ಇನ್ನೆಲ್ಲಿ ಸಿಗಬೇಕು?

ಟೈರ್ ನೋಡಿದರೆ ಈ ಮಾತು ಚೆನ್ನಾಗಿ ಅರ್ಥ ಆಗುತ್ತದೆ. ಕಡಿಮೆ ಓಡಿದ ಕ್ಯಾಂಪರಿನ ಟೈರಿನಲ್ಲಿ ಗ್ರಿಪ್ ಹೊಸದರ ಹಾಗೇ ಇರುತ್ತದೆ. ಮಾಲೀಕರು ಅದನ್ನು ತಟ್ಟಿ ತೋರಿಸುತ್ತಾರೆ. ನೀವು ಮೊಣಕಾಲೂರಿ ಪಕ್ಕದ ಗೋಡೆ ನೋಡಿ. 'ಡಾಟ್' (DOT) ಅನ್ನುವ ಮೂರು ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ ಒಂದು ಸಾಲು ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿ ಟೈರಿನ ಜಾತಕ. 2314 ಅಂತ ಇದ್ದರೆ 2014ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಒಂದು ಬದಿಯಲ್ಲಿ ಅಂಕಿ ಕಾಣದಿದ್ದರೆ ಗಾಡಿಯ ಕೆಳಗೆ ತಲೆ ಹಾಕಿ ಇನ್ನೊಂದು ಬದಿ ನೋಡಿ. ಗ್ರಿಪ್ ಎಷ್ಟೇ ಇರಲಿ, 10 ವರ್ಷದ ಟೈರು ಹಾಕಿಕೊಂಡು ಭಾರದ ಗಾಡಿ ಓಡಿಸುವ ಧೈರ್ಯ ನನಗಿಲ್ಲ. 6 ವರ್ಷ ದಾಟಿದರೆ ಕೂದಲೆಳೆಯಂಥ ಬಿರುಕು ಇದೆಯಾ ಅಂತ ಟಾರ್ಚ್ ಬಿಟ್ಟು ಹುಡುಕುತ್ತೇನೆ.

ಎಂಜಿನ್ನಿನೊಳಗೆ ವಾಲ್ವುಗಳನ್ನು ಪಿಸ್ಟನ್ನಿನ ತಾಳಕ್ಕೆ ಕುಣಿಸುವ ಟೈಮಿಂಗ್ ಬೆಲ್ಟಿನದೂ ಇದೇ ಕಥೆ. ಕಂಪನಿ ಅದಕ್ಕೆ ಎರಡು ಗಡುವು ಕೊಟ್ಟಿರುತ್ತದೆ, ಇಷ್ಟು ಕಿಲೋಮೀಟರ್ ಅಥವಾ ಇಷ್ಟು ವರ್ಷ, ಯಾವುದು ಮೊದಲು ಬರುತ್ತದೋ ಅದು. ಕ್ಯಾಂಪರುಗಳಲ್ಲಿ ಹೆಚ್ಚಾಗಿ ವರ್ಷವೇ ಮೊದಲು ಬರುತ್ತದೆ. "ಇನ್ನೂ 60 ಸಾವಿರ ಆಗಿರೋದು, ಬೆಲ್ಟ್ ಯಾಕೆ ಮುಟ್ಟಬೇಕು" ಅಂತ ಜನ ಬಿಟ್ಟುಬಿಡುತ್ತಾರೆ. ಆ ಬೆಲ್ಟ್ ಓಡುವಾಗ ತುಂಡಾದರೆ ಸಾಕಷ್ಟು ಎಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ. ಅಲ್ಲಿಗೆ ಎಂಜಿನ್ ಬಿಚ್ಚಬೇಕು. ಕೆಲವು ಎಂಜಿನ್ನಿಗೆ ಬೆಲ್ಟ್ ಬದಲು ಚೈನ್ ಇರುತ್ತದೆ, ಕೇಳಿ ತಿಳಿದುಕೊಳ್ಳಿ. ಬೆಲ್ಟ್ ಆಗಿದ್ದರೆ "ಹಾಕ್ಸಿದೀನಿ" ಅನ್ನುವ ಮಾತು ಬೇಡ, ಬಿಲ್ ತೋರಿಸಿ ಅನ್ನಿ.

ಬಿಲ್ ಕೇಳೋಕೆ ಇನ್ನೊಂದು ಕಾರಣ ಇದೆ. ಮೀಟರ್ ಹಿಂದಕ್ಕೆ ತಿರುಗಿಸುವವರು ಈಗಲೂ ಇದ್ದಾರೆ. ಗ್ಯಾರೇಜಿನ ಬಿಲ್ಲುಗಳ ಮೇಲೆ ತಾರೀಖು ಮತ್ತು ಕಿಲೋಮೀಟರ್ ಎರಡೂ ಬರೆದಿರುತ್ತಾರೆ. ಸಾಲಾಗಿ ಜೋಡಿಸಿ ನೋಡಿದರೆ ಸುಳ್ಳು ಅಲ್ಲೇ ಸಿಕ್ಕಿಬೀಳುತ್ತದೆ. ಬಿಲ್ ಇಲ್ಲವಾ? ಕ್ಲಚ್ ಪೆಡಲಿನ ರಬ್ಬರ್ ನುಣ್ಣಗಾಗಿದೆಯಾ, ಸ್ಟಿಯರಿಂಗ್ ಹೊಳೆಯುತ್ತಿದೆಯಾ, ಡ್ರೈವರ್ ಸೀಟಿನ ಇಳಿಯುವ ಕಡೆಯ ಅಂಚು ಕುಸಿದಿದೆಯಾ ನೋಡಿ. 40 ಸಾವಿರಕ್ಕೆ ಇವೆಲ್ಲ ಹಾಗೆ ಸವೆಯುವುದಿಲ್ಲ.

ಈಗ ನನ್ನದೇ ಎಡವಟ್ಟು ಹೇಳುತ್ತೇನೆ.

ನನ್ನ ಮೊದಲ ಕ್ಯಾಂಪರ್ 12 ವರ್ಷದ್ದು, 38 ಸಾವಿರ ಓಡಿತ್ತು. ನಾನು ಎಂಜಿನ್ ನೋಡಿದೆ, ಗೇರ್ ನೋಡಿದೆ, ಕೆಳಗೆ ಮಲಗಿ ಚಾಸಿ ನೋಡಿದೆ. ಎಲ್ಲ ಅಚ್ಚುಕಟ್ಟು. ಮಾರುವವರು ಒಳಗೆ ಮೂರು ಕಡೆ ಸುವಾಸನೆಯ ಬಿಲ್ಲೆ ತೂಗುಹಾಕಿದ್ದರು. ಎಷ್ಟು ಶುಚಿಯ ಜನ ಅಂದುಕೊಂಡೆ! ಎರಡು ತಿಂಗಳಾದ ಮೇಲೆ ಹಾಸಿಗೆ ಬಿಸಿಲಿಗೆ ಹಾಕೋಣ ಅಂತ ಎತ್ತಿದೆ. ಅದರ ಕೆಳಗಿನ ಪೆಟ್ಟಿಗೆಯ ಹಿಂದಿನ ಮೂಲೆ ಸ್ವಲ್ಪ ಕಪ್ಪಗೆ ಕಂಡಿತು. ಹೆಬ್ಬೆರಳಿಂದ ಒತ್ತಿದೆ. ಪ್ಲೈವುಡ್ ನೆನೆದ ರಟ್ಟಿನ ಹಾಗೆ ಒಳಗೆ ಹೋಯಿತು. ಬೆರಳು ಗೆಣ್ಣಿನ ತನಕ ಹೂತುಕೊಂಡಿತ್ತು. ನೀರು ಬರುತ್ತಿದ್ದದ್ದು ಆ ಮೂಲೆಯಿಂದ ಅಲ್ಲವೇ ಅಲ್ಲ. ಎರಡು ಮೀಟರ್ ಆಚೆ, ಚಾವಣಿಯ ಗಾಳಿಕಿಂಡಿಯ ಸುತ್ತ ಹಾಕಿದ್ದ ಸೀಲಂಟ್, ಅಂದರೆ ಸಂದು ಮುಚ್ಚುವ ಅಂಟು, ಬಿರಿದು, ನೀರು ಗೋಡೆಯೊಳಗೇ ಇಳಿದು, ಕೆಳಗೆ ಬಂದು ಸೇರುತ್ತಿತ್ತು. ಒಂದು ವಾರದ ಕೆಲಸ ಅಂದುಕೊಂಡು ಗೋಡೆ ಬಿಚ್ಚಿದೆ. ನಾಲ್ಕು ತಿಂಗಳು ಹಿಡಿಯಿತು. ಅಷ್ಟೂ ದಿನ ಎಂಜಿನ್ ಮಾತ್ರ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು, ಅಣಕಿಸುವ ಹಾಗೆ.

ಅವತ್ತಿಂದ ನಾನು ಮೊದಲು ಮೂಗು, ಆಮೇಲೆ ಕಣ್ಣು. ಬಾಗಿಲು ಕಿಟಕಿ ಎಲ್ಲ ಮುಚ್ಚಿಟ್ಟಿರಿ, ನಾನೇ ಬಂದು ತೆಗೆಯುತ್ತೇನೆ ಅಂತ ಹೇಳಿರುತ್ತೇನೆ. ಮಳೆ ಬಂದ ಮಾರನೇ ದಿನ ಹೋದರೆ ಇನ್ನೂ ಒಳ್ಳೇದು. ಮುಗ್ಗಲು ವಾಸನೆ ಬಂದರೆ ಅಲ್ಲೇ ಅರ್ಧ ತೀರ್ಮಾನ ಆದ ಹಾಗೆ. ಕಿಟಕಿಯ ಕೆಳಮೂಲೆ, ಚಾವಣಿ ಗೋಡೆ ಸೇರುವ ಜಾಗ, ಕಪಾಟಿನ ಒಳಮೂಲೆ, ಎಲ್ಲ ಕಡೆ ಬೆರಳಿಂದ ಒತ್ತುತ್ತೇನೆ. ಬಾಗಿಲ ಹತ್ತಿರ ಮತ್ತು ಅಡುಗೆ ಕಟ್ಟೆಯ ಮುಂದೆ ನಿಂತು ಹಿಮ್ಮಡಿ ಊರುತ್ತೇನೆ. ನೆಲ ಮೆತ್ತಗೆ ಕುಸಿದರೆ ಪದರ ಬಿಟ್ಟಿದೆ ಅಂತ ಅರ್ಥ. ಸ್ಕ್ರೂಗಳ ತಲೆ ತುಕ್ಕು ಹಿಡಿದಿದ್ದರೆ ಅಲ್ಲಿ ನೀರು ಓಡಾಡಿದೆ. ಒಂದೇ ಒಂದು ಗೋಡೆಗೆ ಮಾತ್ರ ಹೊಸ ಪೇಪರ್ ಅಂಟಿಸಿದ್ದರೆ ಯಾಕೆ ಅಂತ ಕೇಳುತ್ತೇನೆ.

ತೇವ ಅಳೆಯುವ ಮೀಟರ್ ಸಿಗುತ್ತದೆ, ಸಣ್ಣದು. ಮರದ ಭಾಗಕ್ಕೆ ಹಿಡಿದಾಗ ಸುಮಾರು 15 ಶೇಕಡಾ ಒಳಗಿದ್ದರೆ ನೆಮ್ಮದಿ. 20 ದಾಟಿದರೆ ನೀರಿನ ದಾರಿ ಹುಡುಕಬೇಕು. ಆದರೆ ಹಿಂದೆ ಕಬ್ಬಿಣದ ತಗಡಿದ್ದರೆ ಆ ಮೀಟರ್ ಸುಮ್ನೆ ಏನೇನೋ ತೋರಿಸುತ್ತದೆ, ನಂಬಬೇಡಿ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ವ್ಯಾನಿನ ತಗಡಿನ ಬಾಡಿಯನ್ನೇ ಇಟ್ಟುಕೊಂಡು ಒಳಗೆ ಮನೆ ಕಟ್ಟಿದ್ದು ಒಂದು ಬಗೆ. ಮುಂದಿನ ಕ್ಯಾಬಿನ್ ಮಾತ್ರ ಉಳಿಸಿ, ಹಿಂದೆ ಮರದ ಚೌಕಟ್ಟು ನಿಲ್ಲಿಸಿ, ಮೇಲೆ ಅಲ್ಯೂಮಿನಿಯಂ ಅಥವಾ ಫೈಬರ್ ಹೊದಿಸಿದ್ದು ಇನ್ನೊಂದು. ಮೊದಲನೆಯದು ಸೋರುವುದು ಕಿಟಕಿಗೋ ಗಾಳಿಕಿಂಡಿಗೋ ತೂತು ಕೊರೆದ ಕಡೆ, ಆ ಅಂಚಿಗೆ ಪೇಂಟ್ ಹಚ್ಚದಿದ್ದರೆ ತುಕ್ಕೂ ಅಲ್ಲೇ ಶುರು. ಎರಡನೆಯದರಲ್ಲಿ ಮೈತುಂಬಾ ಜಾಯಿಂಟು, ಪ್ರತಿ ಜಾಯಿಂಟಿಗೂ ಸೀಲಂಟು. ಅದು ವರ್ಷ ಕಳೆದಂತೆ ಗಟ್ಟಿಯಾಗಿ ಬಿರಿಯುತ್ತದೆ. ಅದಕ್ಕೇ 15 ವರ್ಷ ಅನ್ನುವುದು ಎರಡಕ್ಕೂ ಒಂದೇ ಅಲ್ಲ. ಹೊರಗೆ ನೆರಳಿಲ್ಲದೆ ನಿಂತ ಎರಡನೇ ಬಗೆಯ ಗಾಡಿಗೆ ಅದು ನಿಜಕ್ಕೂ ವಯಸ್ಸು.

ತುಕ್ಕಿನ ವಿಷಯದಲ್ಲಿ ನಾನು ಮೇಲ್ಪದರದ ಕೆಂಪಿಗೆ ಹೆದರುವುದಿಲ್ಲ. ಚಕ್ರದ ಮೇಲಿನ ಕಮಾನು, ಸರಿಯುವ ಬಾಗಿಲಿನ ತಳ, ಜಾಕ್ ಕೊಡುವ ಜಾಗ, ಮುಂದಿನ ಗಾಜಿನ ಬುಡ, ಇಷ್ಟನ್ನು ನೋಡುತ್ತೇನೆ. ಜೇಬಲ್ಲೊಂದು ಸಣ್ಣ ಅಯಸ್ಕಾಂತ ಇರುತ್ತದೆ. ಕಬ್ಬಿಣದ ಬಾಡಿಗೆ ಅದು ಕಚ್ಚದೆ ಜಾರಿದರೆ ಪೇಂಟಿನ ಕೆಳಗೆ ಪುಟ್ಟಿ ಮೆತ್ತಿದ್ದಾರೆ. ಮೇಲೆಲ್ಲ ತಳುಕು, ಒಳಗೆಲ್ಲ ಹುಳುಕು. ಹಳೇ ಗಾಡಿಯ ತಳಕ್ಕೆ ಮೊನ್ನೆ ಮೊನ್ನೆ ದಪ್ಪಗೆ ಕಪ್ಪು ಬಳಿದಿದ್ದರೂ ಅನುಮಾನ ಪಡಿ.

ಮಿಕ್ಕಿದ್ದು ಬೇಗ ಹೇಳುತ್ತೇನೆ. ಎಂಜಿನ್ ತಣ್ಣಗಿರಲಿ ಅಂತ ಮೊದಲೇ ಹೇಳಿ, ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಡಿ. ಬಿಸಿಯಿದ್ದರೆ, ತಣ್ಣಗಿದ್ದಾಗ ಸ್ಟಾರ್ಟ್ ಆಗಲು ಕಷ್ಟಪಡುವುದನ್ನು ಮುಚ್ಚಿಡುತ್ತಿರಬಹುದು. ಗ್ಯಾಸಿನಿಂದ ನಡೆಯುವ ಫ್ರಿಜ್ ತಣ್ಣಗಾಗಲು ಗಂಟೆಗಟ್ಟಲೆ ಬೇಕು, ಹಿಂದಿನ ರಾತ್ರಿಯೇ ಹಾಕಿಡಲು ಹೇಳಿ. ಗ್ಯಾಸ್ ಪೈಪಿನ ಮೇಲೂ ತಾರೀಖು ಇರುತ್ತದೆ. ಮನೆ ಭಾಗದ ಬ್ಯಾಟರಿ ಮಾಮೂಲಿ ಲೆಡ್ ಆಸಿಡ್ ಆಗಿದ್ದು 5 ವರ್ಷ ಆಗಿದ್ದರೆ ಹೊಸದಕ್ಕೆ ದುಡ್ಡು ತೆಗೆದಿಡಿ. ಸ್ವಂತ ಕೈಯಿಂದ ಮನೆ ಕಟ್ಟಿದ ಗಾಡಿಯಾದರೆ ವ್ಯಾನಿಗೆ ಒಂದು ವಯಸ್ಸು, ಮನೆಗೆ ಇನ್ನೊಂದು. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇಲ್ಲದಿದ್ದರೆ ಕಟ್ಟಿದವರಿಗೆ ಕೆಲಸ ಗೊತ್ತಿಲ್ಲ ಅಂತಲೇ ಲೆಕ್ಕ.

ಸ್ಪೇರ್ ಪಾರ್ಟ್ ವಿಷಯ ತಮಾಷೆಯಾಗಿದೆ. 1950ರಲ್ಲಿ ಶುರುವಾದ ಫೋಕ್ಸ್‌ವ್ಯಾಗನ್ನಿನ ಆ ದುಂಡು ಮೂತಿಯ ವ್ಯಾನಿಗೆ ಇವತ್ತಿಗೂ ಹೊಸ ಪಾರ್ಟ್ ಮಾಡುವವರಿದ್ದಾರೆ. ಆದರೆ ಮನೆ ಭಾಗ ಕಟ್ಟಿದ ಕಂಪನಿ ಮುಚ್ಚಿಹೋಗಿದ್ದರೆ 20 ವರ್ಷದ ಗಾಡಿಯ ಒಂದು ಕಿಟಕಿ ಗಾಜಿಗೆ ಊರೂರು ಅಲೆಯಬೇಕು.

ಹಾಗಾದರೆ ಯಾವುದು ತಗೋಬೇಕು? ಹೋದ ತಿಂಗಳು ಒಬ್ಬರು ಕೇಳಿದ್ದು ಹೀಗಿತ್ತು. ಒಂದು 9 ವರ್ಷದ್ದು, 1 ಲಕ್ಷ 90 ಸಾವಿರ ಓಡಿದೆ, ಎಲ್ಲ ಬಿಲ್ಲುಗಳ ಫೈಲ್ ಇದೆ, ಮಾಲೀಕರು ತಿಂಗಳಿಗೊಮ್ಮೆಯಾದರೂ ಹೊರಡುವವರು. ಇನ್ನೊಂದು 16 ವರ್ಷದ್ದು, 45 ಸಾವಿರ, ಮೂರು ವರ್ಷದಿಂದ ಟಾರ್ಪಾಲ್ ಹೊದ್ದು ನಿಂತಿದೆ. ನಾನು ಮೊದಲನೆಯದಕ್ಕೆ ಹೋಗಿ ಅಂದೆ. ಅದರ ಕ್ಲಚ್, ಸಸ್ಪೆನ್ಷನ್ ಬುಶ್ಶು, ಇಂಜೆಕ್ಟರ್ ಇವಕ್ಕೆ ಖರ್ಚು ಬರಬಹುದು. ಆದರೆ ಅವೆಲ್ಲ ಯಾವ ಮೆಕ್ಯಾನಿಕ್ಕಾದರೂ ಬಿಚ್ಚಿ ಹಾಕುವಂಥವು, ಎಷ್ಟಾಗುತ್ತದೆ ಅಂತ ಮುಂಚೆಯೇ ಕೇಳಬಹುದು. ಕೊಳೆತ ಗೋಡೆ ಬಿಚ್ಚುವ ತನಕ ಅದರ ಖರ್ಚು ಯಾರಿಗೂ ಗೊತ್ತಿರುವುದಿಲ್ಲ. ಎರಡನೆಯದು ತೇವವಿಲ್ಲದ ಶೆಡ್ಡಿನೊಳಗೆ ನಿಂತಿದ್ದು, ಬೆಲ್ಟು ಟೈರುಗಳನ್ನು ವರ್ಷ ನೋಡಿ ಬದಲಾಯಿಸಿದ ಬಿಲ್ ಇದ್ದಿದ್ದರೆ ನನ್ನ ಮಾತು ಬೇರೆ ಇರುತ್ತಿತ್ತು. ಬಿಲ್ಲೇ ಇಲ್ಲದ 1 ಲಕ್ಷ 90 ಸಾವಿರದ ಗಾಡಿಯಾಗಿದ್ದರೆ ಎರಡೂ ಬಿಡಿ ಅನ್ನುತ್ತಿದ್ದೆ.

ಆದರೂ ಮನಸ್ಸು ತಡೆಯದೆ ಅವರು ಎರಡನೆಯದನ್ನೂ ನೋಡಿ ಬಂದರು. ಹಾಸಿಗೆ ಎತ್ತಿ ಕೆಳಗೆ ನೋಡಬಹುದಾ ಅಂತ ಕೇಳಿದರಂತೆ. "ಅದೆಲ್ಲ ಯಾಕೆ ಎತ್ತುತ್ತೀರಿ," ಅಂದರಂತೆ ಮಾಲೀಕರು, "ಮೊದಲು ಮೀಟರ್ ನೋಡಿ ಬನ್ನಿ."