ಅಪ್ಪಯ್ಯನ ಅನ್ನನಾಳ, ನೆಂಟರ ಕಷಾಯ

ಜುಲೈ 14, 2024, ಭಾನುವಾರ
ತೀರ್ಥಹಳ್ಳಿ ತಾಲ್ಲೂಕು

ಪುನರ್ವಸು ಮಳೆ ಬಿಟ್ಟೂಬಿಡದೆ ಹೊಯ್ಯುತ್ತಿದೆ. ಕರೆಂಟ್ ನಿನ್ನೆಯಿಂದಲೇ ಇಲ್ಲ. ಇನ್ವರ್ಟರ್ ಕೈಕೊಡುವ ಮೊದಲು ಇದನ್ನು ಬರೆದು ಮುಗಿಸಬೇಕು. ತೋಟಕ್ಕೆ ಎರಡನೆಯ ಸಲ ಬೋರ್ಡೋ ದ್ರಾವಣ ಹೊಡೆಯಲು ಮಳೆ ಹೊಳವಾಗುತ್ತಿಲ್ಲ ಎಂದು ಅಪ್ಪಯ್ಯ ಜಗಲಿಯಲ್ಲಿ ಶತಪಥ ತಿರುಗುತ್ತಿದ್ದಾರೆ. ತಮ್ಮ ಕಾಯಿಲೆಗಿಂತ ಅಡಿಕೆಯ ಕೊಳೆರೋಗದ ಚಿಂತೆಯೇ ಅವರಿಗೆ ಹೆಚ್ಚು.

ಆ ಕಾಯಿಲೆಗೆ ಅಂತೂ ಹೆಸರು ಸಿಕ್ಕಿದೆ: ಅಕಲೇಶಿಯಾ, ಎಂದರೆ ಅನ್ನನಾಳದ ತಳದ ಕವಾಟ ಸಡಿಲವಾಗದ ತೊಂದರೆ. ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಬರುವಂಥದ್ದಂತೆ. ಇಲ್ಲಿಯವರೆಗೆ ಅದು ನಮ್ಮ ಮನೆಯಲ್ಲಿ 'ಗ್ಯಾಸ್ಟ್ರಿಕ್' ಆಗಿತ್ತು. ನಮ್ಮ ಕಡೆ ಕುತ್ತಿಗೆಯಿಂದ ಸೊಂಟದವರೆಗಿನ ಯಾವ ತೊಂದರೆಯಾದರೂ ಗ್ಯಾಸ್ಟ್ರಿಕ್ಕೇ. ಪೇಟೆಯ ಕ್ಲಿನಿಕ್ಕಿನಲ್ಲಿ ಖಾಲಿ ಹೊಟ್ಟೆಗೆ ಆಸಿಡ್ ಕಡಿಮೆ ಮಾಡುವ ಮಾತ್ರೆ ಬರೆದುಕೊಟ್ಟರು, ರಾತ್ರಿಯ ಕೆಮ್ಮಿಗೆ ಬೇರೆ ಸಿರಪ್ ಕೊಟ್ಟರು. ಎರಡೂ ಒಂದೇ ರೋಗದ ಎರಡು ತುದಿಗಳೆಂದು ಯಾರಿಗೂ ಹೊಳೆಯಲಿಲ್ಲ.

ಅಪ್ಪಯ್ಯ ಊಟ ಮಾಡುವುದನ್ನು ಪಕ್ಕದಲ್ಲಿ ಕುಳಿತು ನೋಡಿದವರಿಗೆ ಮಾತ್ರ ಅದು ಗೊತ್ತಾಗುತ್ತಿತ್ತು. ನಾಲ್ಕು ತುತ್ತು ಸಾರನ್ನ ಇಳಿಯುತ್ತದೆ. ಐದನೆಯದಕ್ಕೆ ಎದೆಯ ನಡುವೆ ಕೈ ಹೋಗುತ್ತದೆ. ಎದ್ದು ನಿಂತು, ಬೆನ್ನು ನೆಟ್ಟಗೆ ಮಾಡಿ, ಹೆಗಲು ಹಿಂದಕ್ಕೆಳೆದು, ಲೋಟ ನೀರನ್ನು ಗಟಗಟ ಕುಡಿಯುತ್ತಾರೆ. ಕೆಲವೊಮ್ಮೆ ಆ ನೀರಿನ ಭಾರಕ್ಕೆ ಅನ್ನ ಕೆಳಗಿಳಿಯುತ್ತದೆ, ಕೆಲವೊಮ್ಮೆ ನೀರೂ ಅನ್ನವೂ ಒಟ್ಟಿಗೆ ಬಚ್ಚಲಿಗೆ. ಮಲಗಿದಾಗ ದಿಂಬಿನ ಮೇಲೆ ಅನ್ನದಗುಳು. ದಿಂಬಿನ ಚೀಲ ಒಗೆಯುವ ಅಮ್ಮ ಒಂದು ದಿನ, "ಇದಕ್ಕೆ ಹುಳಿ ವಾಸನೆಯೇ ಇಲ್ಲವಲ್ಲ" ಎಂದರು. ಇಷ್ಟು ದಿನ ಯಾರೂ ಆಡದಿದ್ದ ಮಾತು ಅದು. ಹೊಟ್ಟೆಗೆ ಹೋಗಿ ಬಂದ ಅನ್ನವಾದರೆ ಹುಳಿಯಾಗಿರಬೇಕು. ಇದು ಹೊಟ್ಟೆಯನ್ನು ಮುಟ್ಟಿಯೇ ಇರಲಿಲ್ಲ.

ಅನ್ನನಾಳವೆಂದರೆ ಸುಮ್ಮನೆ ಒಂದು ಕೊಳವೆಯೆಂದು ನಾನು ತಿಳಿದಿದ್ದೆ. ಸುಮಾರು 25 ಸೆಂಟಿಮೀಟರ್ ಉದ್ದದ ಆ ಸ್ನಾಯು ಮೇಲಿನಿಂದ ಕೆಳಕ್ಕೆ ಅಲೆಯಂತೆ ಹಿಂಡುತ್ತಾ ತುತ್ತನ್ನು ದಾಟಿಸುತ್ತದೆ. ಅದೇ ಹೊತ್ತಿಗೆ ತಳದ ಕವಾಟ ಸಡಿಲವಾಗಬೇಕು. ಸಡಿಲವಾಗು ಎಂದು ಹೇಳುವ ನರಕೋಶಗಳು ನಾಳದ ಗೋಡೆಯೊಳಗೇ ಇರುತ್ತವೆ. ಅಪ್ಪಯ್ಯನಿಗೆ ಅವು ನಶಿಸಿವೆ. ಹಾಗಾಗಿ ಮೇಲೆ ಅಲೆ ಇಲ್ಲ, ಕೆಳಗೆ ಬಾಗಿಲು ತೆರೆಯುವುದಿಲ್ಲ. ಬೇರೆಯವರಲ್ಲಿ ಇದಕ್ಕೆ ತದ್ವಿರುದ್ಧವೂ ಆಗುತ್ತದಂತೆ: ಅಲೆ ಹೊತ್ತಲ್ಲದ ಹೊತ್ತಿಗೆ, ಇಲ್ಲವೇ ಮಿತಿಮೀರಿದ ಬಲದಿಂದ ಹಿಂಡಿ, ಹೃದಯಾಘಾತವೇ ಎನ್ನುವಂಥ ಎದೆನೋವು ತರುತ್ತದೆ.

ಪರೀಕ್ಷೆಗೆ ಘಟ್ಟದ ಕೆಳಗಿನ ಆಸ್ಪತ್ರೆಗೆ ಹೋಗಿದ್ದೆವು. ಮೊದಲು ಎಂಡೋಸ್ಕೋಪಿ. ಕವಾಟದ ಬಳಿಯ ಕ್ಯಾನ್ಸರ್ ಕೂಡ ಇದೇ ವೇಷದಲ್ಲಿ ಬರಬಲ್ಲದು, ಅದಿಲ್ಲವೆಂದು ಖಚಿತವಾಗದೆ ಮುಂದಿನ ಮಾತಿಲ್ಲ. ಜೀವಮಾನವಿಡೀ ಎಲೆಅಡಿಕೆ ಜಗಿದವರ ಮಗಳಾಗಿ ಆ ಅರ್ಧ ಗಂಟೆ ನಾನು ಹೇಗೆ ಕಳೆದೆನೋ ನನಗೇ ಗೊತ್ತು. ಆದರೆ ಡಾಕ್ಟರು ಮೊದಲೇ ಕೇಳಿದ್ದರು: "ಯಜಮಾನರೇ, ಮೊದಲು ಗಟ್ಟಿ ಆಹಾರ ಸಿಕ್ಕಿಕೊಳ್ಳಲು ಶುರುವಾಯಿತೋ, ನೀರೂ ಜೊತೆಗೇ ನಿಲ್ಲುತ್ತಿತ್ತೋ?" ಗಡ್ಡೆಯಿಂದ ದಾರಿ ಕಿರಿದಾದರೆ ಮೊದಲು ರೊಟ್ಟಿ ತಡೆಯುತ್ತದೆ, ಎಷ್ಟೋ ಕಾಲದ ಮೇಲೆ ನೀರು. ಚಲನೆಯೇ ಕೆಟ್ಟಿದ್ದರೆ ಸಾಮಾನ್ಯವಾಗಿ ಎರಡಕ್ಕೂ ಮೊದಲಿನಿಂದಲೇ ಕಷ್ಟ. ಆಮೇಲೆ ಸುಣ್ಣದ ತಿಳಿಯಂಥ ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದರು. ಉಬ್ಬಿದ ನಾಳ ತಳದಲ್ಲಿ ಹಕ್ಕಿಯ ಕೊಕ್ಕಿನಂತೆ ಚೂಪಾಗಿತ್ತು. ಕೊನೆಗೆ ಮ್ಯಾನೊಮೆಟ್ರಿ. ಮೂಗಿನಿಂದ ತೆಳುವಾದ ನಳಿಗೆ ಇಳಿಸಿ, ಐದೈದು ಮಿಲಿಲೀಟರ್ ನೀರನ್ನು ಹತ್ತು ಸಲ ನುಂಗಿಸಿ, ಒತ್ತಡವನ್ನು ಪರದೆಯ ಮೇಲೆ ಬಣ್ಣಗಳಲ್ಲಿ ತೋರಿಸುವ ಪರೀಕ್ಷೆ. ಎರಡನೆಯ ಬಗೆಯದು ಎಂದರು. ಮೂರು ಬಗೆಗಳಲ್ಲಿ ಚಿಕಿತ್ಸೆಗೆ ಅತಿ ಚೆನ್ನಾಗಿ ಬಗ್ಗುವುದು ಇದೇ ಅಂತೆ.

ಸುದ್ದಿ ಹರಡಿದ್ದೇ ತಡ, ನೆಂಟರ ಔಷಧಿ ಬಂದಿಳಿಯಿತು. ಸಾಗರದ ಸೋದರತ್ತೆ ಜೇಷ್ಠಮಧುವಿನ ಪುಡಿ ಕಳಿಸಿದ್ದಾರೆ. ಗಂಟಲಿಗೆ ಅದು ಹಿತವೇ. ಆದರೆ ದಿನವೂ ತಿಂದರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಅಪ್ಪಯ್ಯ ಬಿಪಿ ಮಾತ್ರೆ ನುಂಗುವವರು. ಡಬ್ಬಿಯನ್ನು ಮೇಲಿನ ನಾಗಂದಿಗೆಗೆ ಏರಿಸಿದ್ದೇನೆ, ಅತ್ತೆ ಬಂದಾಗ ಇಳಿಸಿದರಾಯಿತು. ಭಾವ ಹೇಳಿದ ಪೆಪ್ಪರ್‌ಮಿಂಟ್ ಎಣ್ಣೆಗೆ ಒಂದಿಷ್ಟು ಆಧಾರವಿದೆ. ಅನ್ನನಾಳದ ಸೆಳೆತದ ತೊಂದರೆಯಿದ್ದ ಎಂಟು ಮಂದಿಯ ಮೇಲೆ ನಡೆದ ಒಂದು ಪುಟ್ಟ ಅಧ್ಯಯನದಲ್ಲಿ ಅಡ್ಡಾದಿಡ್ಡಿ ಹಿಂಡುವಿಕೆ ಹತೋಟಿಗೆ ಬಂದಿತ್ತು. ಆದರೆ ತಳದ ಕವಾಟದ ಒತ್ತಡ ಕದಲಿರಲಿಲ್ಲ, ಅಪ್ಪಯ್ಯನ ತೊಂದರೆ ಇರುವುದೇ ಅಲ್ಲಿ. ಅಮ್ಮನ ಜೀರಿಗೆ-ಕೊತ್ತಂಬರಿ ಕಷಾಯಕ್ಕೆ ಮಾತ್ರ ನನ್ನ ಪೂರ್ತಿ ಒಪ್ಪಿಗೆ. ಅದು ಬಿಸಿಯಾಗಿದೆ ಎಂಬುದೇ ಕಾರಣ. ಬಿಸಿನೀರು ಕವಾಟದ ಬಿಗಿಯನ್ನು ತಗ್ಗಿಸುತ್ತದೆ, ತಣ್ಣೀರು ಹೆಚ್ಚಿಸುತ್ತದೆ ಎಂಬುದು ಮ್ಯಾನೊಮೆಟ್ರಿಯಲ್ಲೇ ಕಂಡುಬಂದಿದೆ. ಕುಚ್ಚಲಕ್ಕಿ ಗಂಜಿ, ಒಂದೆಲಗದ ತಂಬುಳಿಯನ್ನು ಫ್ರಿಜ್ಜಿಗೆ ಸೇರಿಸದೆ ಕೊಡುವುದು, ಸಂಜೆ ಏಳಕ್ಕೇ ಊಟ, ಮಂಚದ ತಲೆಯ ಕಾಲುಗಳಿಗೆ ಮರದ ತುಂಡು. ಇವುಗಳಿಂದ ರಾತ್ರಿಯ ಕೆಮ್ಮು ಎಷ್ಟೋ ತಗ್ಗಿದೆ. ಸತ್ತ ನರಕೋಶವನ್ನು ಬದುಕಿಸುವ ಬೇರು ಮಾತ್ರ ಯಾವ ಕಾಡಿನಲ್ಲೂ ಇಲ್ಲ. ಆಸ್ಪತ್ರೆಯಲ್ಲೂ ಇಲ್ಲ, ಅವರು ಮಾಡುವುದೂ ಬಾಗಿಲು ಸಡಿಲಿಸುವುದನ್ನೇ. ಹಾಗೆಂದು ಕಷಾಯ ಕುಡಿಯುತ್ತಾ ಕಾಯುವಂತೆಯೂ ಇಲ್ಲ. ನಾಳ ಹಿಗ್ಗುತ್ತಾ ಹೋದರೆ ಮುಂದಿನ ಚಿಕಿತ್ಸೆಯೂ ಕಷ್ಟ.

1674ರಲ್ಲಿ ಥಾಮಸ್ ವಿಲ್ಲಿಸ್ ಎಂಬ ಇಂಗ್ಲಿಷ್ ವೈದ್ಯ ಇಂಥದೇ ಒಬ್ಬ ರೋಗಿಗೆ ತಿಮಿಂಗಿಲದ ಎಲುಬಿನ ತುದಿಗೆ ಸ್ಪಂಜು ಕಟ್ಟಿ, ಅದರಿಂದ ಅನ್ನವನ್ನು ಹೊಟ್ಟೆಗೆ ತಳ್ಳುವ ಉಪಾಯ ಮಾಡಿಕೊಟ್ಟಿದ್ದನಂತೆ. ಅಪ್ಪಯ್ಯನಿಗೆ ಓದಿ ಹೇಳಿದೆ. "ನಮ್ಮ ಬೆಟ್ಟದಲ್ಲಿ ಬೆತ್ತ ಬೇಕಾದಷ್ಟಿದೆ" ಎಂದರು.

ಈಗಿನ ದಾರಿಗಳು ಹಲವು. ಊಟಕ್ಕೆ ಮುಂಚೆ ನಾಲಿಗೆಯಡಿ ಇಡುವ, ಕವಾಟ ಸಡಿಲಿಸುವ ನಿಫೆಡಿಪೈನ್ ಮಾತ್ರೆ ಅಷ್ಟಕ್ಕಷ್ಟೇ, ತಲೆಸುತ್ತು ಬೇರೆ. ಸ್ನಾಯು ಸಡಿಲಿಸುವ ಬೊಟಾಕ್ಸನ್ನು ಕವಾಟಕ್ಕೆ ಚುಚ್ಚಿದರೆ ಆರು ತಿಂಗಳೋ ವರ್ಷವೋ ಆರಾಮ, ಮತ್ತೆ ಮೊದಲಿನಂತೆ. ಶಸ್ತ್ರಚಿಕಿತ್ಸೆ ತಡೆಯಲಾರದವರಿಗೆ ಅದು ಸರಿ. ಉಳಿದದ್ದು ಬಲೂನಿನಿಂದ ಕವಾಟವನ್ನು ಹಿಗ್ಗಿಸುವುದು, 1913ರಲ್ಲಿ ಅರ್ನ್‌ಸ್ಟ್ ಹೆಲ್ಲರ್ ಆರಂಭಿಸಿದ, ಈಗ ಲ್ಯಾಪರೊಸ್ಕೋಪಿಯಲ್ಲಿ, ಎಂದರೆ ಹೊಟ್ಟೆಯ ಮೇಲಿನ ಸಣ್ಣ ತೂತುಗಳ ಮೂಲಕ ಮಾಡುವ ಸ್ನಾಯು ಸೀಳುವ ಶಸ್ತ್ರಕ್ರಿಯೆ, ಮತ್ತು ಅದನ್ನೇ ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ಮಾಡುವ ಪೋಯಮ್. 2008ರಲ್ಲಿ ಜಪಾನಿನ ಹರುಹಿರೊ ಇನೊಯೆ ಇದನ್ನು ಮೊದಲ ಬಾರಿಗೆ ರೋಗಿಯ ಮೇಲೆ ಮಾಡಿದರು. 2019ರಲ್ಲಿ ಪ್ರಕಟವಾದ 133 ರೋಗಿಗಳ ಅಧ್ಯಯನವನ್ನು ಡಾಕ್ಟರು ನಮ್ಮೆದುರಿಗಿಟ್ಟರು. ಎರಡು ವರ್ಷಗಳ ನಂತರ ಪೋಯಮ್ ಆದವರಲ್ಲಿ ಶೇ 92, ಬಲೂನ್ ಆದವರಲ್ಲಿ ಶೇ 54 ಮಂದಿಗೆ ಗುಣ ಉಳಿದಿತ್ತು. ಆದರೆ ಆಸಿಡ್ ಮೇಲೆ ಬಂದು ಅನ್ನನಾಳ ಹುಣ್ಣಾದದ್ದು ಕ್ರಮವಾಗಿ ಶೇ 41 ಮತ್ತು ಶೇ 7 ಮಂದಿಗೆ. ಬಾಗಿಲು ತೆರೆದರೆ ಎರಡೂ ಕಡೆಗೆ ತೆರೆಯಿತು ಎಂದೇ ಲೆಕ್ಕ. ಇಷ್ಟು ದಿನ ಸುಮ್ಮನೆ ನುಂಗಿದ ಆಸಿಡ್ ಮಾತ್ರೆ ಇನ್ನು ನಿಜವಾಗಿಯೂ ಬೇಕಾಗಬಹುದು. ಅಪ್ಪಯ್ಯ ಪೋಯಮ್ಮನ್ನೇ ಆರಿಸಿಕೊಂಡರು. ಹೊಟ್ಟೆಯ ಮೇಲೆ ಗಾಯ ಇರುವುದಿಲ್ಲ, ಕೊಯ್ಲಿನ ಹೊತ್ತಿಗೆ ತೋಟದಲ್ಲಿ ಓಡಾಡಬಹುದು ಎಂಬುದು ಅವರ ಲೆಕ್ಕಾಚಾರ.

ನಾಳೆಯಿಂದ ಎರಡು ದಿನ ದ್ರವಾಹಾರ ಮಾತ್ರ. ಗಂಜಿಯ ತಿಳಿ ನಡೆಯುತ್ತದೆ, ಅಗುಳು ನಡೆಯುವುದಿಲ್ಲ. ಇದನ್ನು ಅಜ್ಜಿಗೆ ಒಪ್ಪಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಬುಧವಾರ ನಸುಕಿಗೇ ಹೊರಡಬೇಕು. ಆಗುಂಬೆ ಘಾಟಿಯಲ್ಲಿ ಗುಡ್ಡ ಕುಸಿದರೆ ಹುಲಿಕಲ್ ಸುತ್ತಿ ಹೋಗುವುದು ಎಂದು ಡ್ರೈವರ್‌ಗೆ ಹೇಳಿಟ್ಟಿದ್ದೇನೆ.