ಮಿಂಚಿಯ ಹಿಂಗಾಲು: ಗುರುತು ಅಳಿಸುವ ಕೆಲಸ ಕೊನೆಗೂ ಕೈಗೂಡಿತು

ನನ್ನ ಮುಧೋಳ ಹೆಣ್ಣು ನಾಯಿ ಮಿಂಚಿಯ ಹಾಕ್ (ಹಿಂಗಾಲಿನ ಹಿಮ್ಮಡಿ ಕೀಲು) ಒಳಗೆ ತಿರುಗುತ್ತದೋ ಇಲ್ಲವೋ ಎಂದು ನಮ್ಮ ಗುಂಪಿನಲ್ಲಿ ನಡೆಯುತ್ತಿದ್ದ ಜಗಳಕ್ಕೆ ನಿನ್ನೆ ರಾತ್ರಿ ಉತ್ತರ ಸಿಕ್ಕಿತು. ತಿರುಗುತ್ತದೆ. ಎರಡೂ ಕಾಲಿನಲ್ಲಿ, ಎಡಗಾಲಿನಲ್ಲಿ ತುಸು ಹೆಚ್ಚು. ಉತ್ತರ ಕೇಳಿ ಹೊಟ್ಟೆ ಚುರುಕ್ಕೆಂದಿತು ನಿಜ. ಆದರೆ ಆ ಉತ್ತರ ಸಿಕ್ಕಿದ ದಾರಿಯ ಬಗ್ಗೆ ನನಗಿರುವ ಖುಷಿ ಅದಕ್ಕಿಂತ ದೊಡ್ಡದು.

ಗಂಡು ನೋಡುವ ಮುನ್ನ ನಿಲ್ಲಿಸಿ ಎತ್ತರ ಅಳೆದದ್ದು, ಹಲ್ಲು ನೋಡಿದ್ದು, ಪಕ್ಕದಿಂದ ನಡಿಗೆ ಚಿತ್ರೀಕರಿಸಿದ್ದು ಎಲ್ಲ ಮಾಮೂಲಿ, ಬಿಟ್ಟುಬಿಡುತ್ತೇನೆ. ತಲೆ ತಿಂದದ್ದು ಹಿಂದಿನಿಂದ ಕಾಣುವ ನೋಟ.

ಮುಧೋಳ ನಾಯಿ ಸಣ್ಣ ಓಟವಾದ ಟ್ರಾಟ್‌ನಲ್ಲಿ ವೇಗ ಹೆಚ್ಚಿಸಿದಂತೆ ಕಾಲುಗಳು ದೇಹದ ನಡುಗೆರೆಯತ್ತ ಸರಿಯುತ್ತವೆ. ಅದು ಸಹಜ. ಆಗಲೂ ಸೊಂಟದ ಕೀಲು, ಹಾಕ್, ಪಾದ ಮೂರೂ ಒಂದೇ ಗೆರೆಯಲ್ಲಿರಬೇಕು. ಗೆರೆ ಓರೆಯಾಗಬಹುದು, ಮುರಿಯಬಾರದು. ಹಾಕ್ ಒಳಕ್ಕೆ ಬಾಗಿ ಪಾದ ಹೊರಕ್ಕೆ ತಿರುಗಿದರೆ ಅದು ಕೌ-ಹಾಕ್. ಕಾಗದದ ಮೇಲೆ ಇಷ್ಟು ಸರಳ. ಹೊಲದ ಬದುವಿನಲ್ಲಿ ನಿಂತಾಗ ಪಕ್ಕದವರ ನಾಯಿಯಲ್ಲಿ ಕಂಡದ್ದು ದೋಷ, ನಮ್ಮದರಲ್ಲಿ ಕಂಡದ್ದು ‘ವೇಗಕ್ಕೆ ಕಾಲು ಕೂಡುತ್ತಿದೆ’. ಇಲ್ಲವೇ ‘ಇನ್ನೂ ಮರಿ, ಮೈ ಕಟ್ಟಿದರೆ ಸರಿಹೋಗುತ್ತೆ’. ಈ ಎರಡೂ ಮಾತು ಯಾವುದೋ ನಾಯಿಯ ಮಟ್ಟಿಗೆ ನಿಜವೇ ಆಗಿರುತ್ತವೆ. ಅದಕ್ಕೇ ಅವನ್ನು ಕಿತ್ತುಹಾಕುವುದು ಕಷ್ಟ. ನಮ್ಮ ಗುಂಪಿನಲ್ಲಿ ಎಲ್ಲರೂ ಎಲ್ಲ ನಾಯಿಗಳಿಗೂ ಅಂಕ ಕೊಟ್ಟೆವು. ಪ್ರತಿಯೊಬ್ಬರ ಪಟ್ಟಿಯಲ್ಲೂ ಮೊದಲು ನಿಂತದ್ದು ಅವರವರ ನಾಯಿ. ಯಾರೂ ಸುಳ್ಳು ಹೇಳಿರಲಿಲ್ಲ.

ಹಾಗಾದರೆ ಯಾರ ನಾಯಿ ಎಂದೇ ತಿಳಿಯದಂತೆ ಮಾಡೋಣ ಎಂದು ಹೊರಟೆವು. ಮೊದಲ ಉಪಾಯ, ವಿಡಿಯೊದಲ್ಲಿ ನಾಯಿಯನ್ನು ಕಪ್ಪು ನೆರಳಾಗಿಸುವುದು. ಬಾಲ ಎತ್ತುವ ರೀತಿಯಿಂದಲೇ ಎಲ್ಲರೂ ತಮ್ಮ ನಾಯಿಯನ್ನು ಕಂಡುಹಿಡಿದರು. ಚಿತ್ರದಲ್ಲಿ ಬಾಲ ಕತ್ತರಿಸಿ ಸೊಂಟದಿಂದ ಕೆಳಗಷ್ಟೇ ಉಳಿಸಿದರೂ ಹೆಜ್ಜೆಯ ಲಯ ಗುಟ್ಟು ಬಿಟ್ಟುಕೊಟ್ಟಿತು. ಕೊನೆಗೆ ಕೀಲುಗಳಿಗೆ ಬಿಳಿ ಚುಕ್ಕೆ ಅಂಟಿಸಿ ಚುಕ್ಕೆಗಳನ್ನಷ್ಟೇ ತೋರಿಸೋಣ ಎಂದುಕೊಂಡೆವು.

ಇಲ್ಲಿ ಅಂಗಡಿಯವರ ವಿಷಯ ಹೇಳಲೇಬೇಕು. ಹೊಳಪಿಲ್ಲದ ಚುಕ್ಕೆ ಬೇಕೆಂದು ಬರೆದು ತರಿಸಿದರೆ ಬಂದದ್ದು ಮಿರಮಿರ ಮಿಂಚುವಂಥದ್ದು, ಅಂಟೋ ನಾಯಿ ಮೈ ಕೊಡವಿದ ಕೂಡಲೇ ಗಾಳಿಪಾಲು. ಬದಲಿಸಿಕೊಡಿ ಎಂದರೆ ಅದೇ ಮಾಲು ಬೇರೆ ಪೊಟ್ಟಣದಲ್ಲಿ ಬಂತು. ಇದೇ ಅಂಗಡಿಯ ‘ಉದ್ದ ಕತ್ತಿನ ನಾಯಿಯ’ ಮಾರ್ಟಿಂಗೇಲ್ (ಎಳೆದಾಗ ಬಿಗಿಯಾಗುವ) ಕತ್ತಿನ ಪಟ್ಟಿ ಲ್ಯಾಬ್ರಡಾರ್ ಕತ್ತಿಗೆ ಹೊಲಿದದ್ದು, ಮಿಂಚಿಯ ಸಣ್ಣ ತಲೆ ಸಲೀಸಾಗಿ ಹಿಂದಕ್ಕೆ ಜಾರುತ್ತದೆ. ನಮ್ಮ ನಾಯಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಯಾರಾದರೂ ಪಟ್ಟಿ ಹೊಲಿಯಬಾರದೇ? ಕಡೆಗೆ ಪಶು ಔಷಧದಂಗಡಿಯ ತನಗೆ ತಾನೇ ಅಂಟುವ ಬ್ಯಾಂಡೇಜನ್ನು ಹಾಕ್‌ಗೆ ಸುತ್ತಿ, ಸೊಂಟದ ಮೇಲೆ ಸೀಮೆಸುಣ್ಣ ಬಳಿದೆವು.

ಚುಕ್ಕೆ ಸ್ಪಷ್ಟವಾಗಿ ಬಂತು. ಗುರುತೂ ಸ್ಪಷ್ಟವಾಗಿ ಸಿಕ್ಕಿತು! ಆಮೇಲೆ ತಿಳಿಯಿತು, 1977ರಲ್ಲೇ ಕಟಿಂಗ್ ಮತ್ತು ಕೊಜ್ಲೋವ್ಸ್ಕಿ ಎಂಬ ಮನೋವಿಜ್ಞಾನಿಗಳು ಕೀಲುಗಳ ಬೆಳಕಿನ ಚುಕ್ಕೆ ಮಾತ್ರ ಕಾಣುವ ಚಿತ್ರದಲ್ಲಿ ಜನ ತಮ್ಮ ಗೆಳೆಯರನ್ನು ನಡಿಗೆಯಿಂದಲೇ ಗುರುತಿಸಬಲ್ಲರು ಎಂದು ತೋರಿಸಿದ್ದರು. ದಿನವೂ ಜೊತೆಗೆ ನಡೆಯುವ ನಾಯಿಯನ್ನು ಗುರುತಿಸದೆ ಇರುತ್ತೇವೆಯೇ?

ಚಲನೆಯೇ ಗುಟ್ಟು ಬಿಡುತ್ತಿದ್ದರೆ ಚಲನೆಯನ್ನೇ ತೆಗೆಯಬೇಕು. ಪಾದ ಪೂರ್ತಿ ನೆಲಕ್ಕೂರಿ ಭಾರ ಹೊತ್ತ ಕ್ಷಣದ ಸ್ಥಿರಚಿತ್ರಗಳನ್ನು ಮಾತ್ರ ಆರಿಸಿ, ಅರ್ಧದಷ್ಟನ್ನು ಎಡಬಲ ತಿರುಗಿಸಿ, ಎಲ್ಲ ನಾಯಿಗಳ ಚಿತ್ರ ಕಲಸಿ, ಕಡತಗಳಿಗೆ ಬರೀ ಸಂಖ್ಯೆ ಕೊಟ್ಟೆವು. ಸಂಖ್ಯೆಯ ಕೀಲಿ ನಾಯಿಯೇ ಸಾಕದ ನನ್ನ ತಂಗಿಯ ಬಳಿ. ಪ್ರಶ್ನೆ ಒಂದೇ: ಗೆರೆ ನೇರವೋ, ಮುರಿದಿದೆಯೋ? ‘ನಡಿಗೆ ಹೇಗಿದೆ’ ಎಂದು ಕೇಳಿದರೆ ಅಕ್ಕರೆಯೆಲ್ಲ ಉತ್ತರದೊಳಗೆ ಬಂದು ಕೂರುತ್ತದೆ. ಗೆರೆಯ ಪ್ರಶ್ನೆಯಲ್ಲಿ ಅದಕ್ಕೆ ಜಾಗವಿಲ್ಲ. ಈ ಸಲ ನಮ್ಮ ಉತ್ತರಗಳು ಒಂದಕ್ಕೊಂದು ಹೊಂದಿದವು. ತೀರಾ ನೇರ ಬಂದದ್ದು ನಾವ್ಯಾರೂ ಗಮನಿಸದೆ ಬಿಟ್ಟಿದ್ದ ಪಟ್ಟೆ ಬಣ್ಣದ ಗಂಡು.

ಹಗ್ಗ ಹಿಡಿಯುವವರ ಸಮಸ್ಯೆ ಇನ್ನೂ ಉಳಿದಿದೆ. ಒಡೆಯ ಹಿಡಿದರೆ ನಾಯಿ ಮುಖ ನೋಡುತ್ತಾ ಓರೆ ಓಡುತ್ತದೆ, ಒಡೆಯನೂ ತಿಳಿಯದೆಯೇ ಹಗ್ಗ ಬಿಗಿದು ದೋಷ ಮುಚ್ಚುತ್ತಾನೆ. 2011ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಡೇವಿಸ್‌ನ ಪ್ರಯೋಗವೊಂದರಲ್ಲಿ, ಮೂಸಿ ಪತ್ತೆಹಚ್ಚುವ ನಾಯಿಗಳ 18 ತರಬೇತುದಾರರಿಗೆ ವಾಸನೆ ಇಟ್ಟಿದ್ದೇವೆ ಎಂದು ಹೇಳಿ, ಏನನ್ನೂ ಇಡದೆ ಬಿಟ್ಟಿದ್ದರು. ಆದರೂ ‘ಸಿಕ್ಕಿತು’ ಎಂಬ ವರದಿಗಳು 200 ದಾಟಿದವು. ನಂಬಿಕೆ ಕಣ್ಣಿಗೂ ಕೈಗೂ ಇಳಿಯುವುದು ಹೀಗೆ.

ಅದಕ್ಕೇ ಮುಂದಿನ ಕೆಲಸ ಲ್ಯೂರ್ ಯಂತ್ರ, ಅಂದರೆ ನಾಯಿಯ ಮುಂದೆ ಆಮಿಷ ಎಳೆಯುವ ಯಂತ್ರ! 12 ವೋಲ್ಟ್ ಮೋಟಾರ್, ಬ್ಯಾಟರಿ, ನೆಲಕ್ಕೆ ಬಡಿದ ರಾಟೆಗಳು, ದಾರದ ತುದಿಗೆ ಪ್ಲಾಸ್ಟಿಕ್ ಚೀಲದ ಚೂರು. ಹಗ್ಗವೇ ಬೇಡ, ಚೀಲದ ಹಿಂದೆ ನಾಯಿ ನೇರ ಓಡುತ್ತದೆ. ತೆಳು ನೈಲಾನ್ ದಾರ ಕಾಲಿಗೆ ಸಿಕ್ಕರೆ ಚರ್ಮ ಸೀಳುತ್ತದೆ, ಹಾಗಾಗಿ ದಾರದ ಆಯ್ಕೆ ಮೊದಲು. ಅದರ ವಿವರ ಇನ್ನೊಮ್ಮೆ.

ಮಿಂಚಿಗೆ ಗಂಡು ನೋಡುವಾಗ ಈಗ ಏನು ಬೇಕೆಂದು ಗೊತ್ತು. ನಮ್ಮ ತಳಿ ದೊಡ್ಡದಲ್ಲ, ಒಂದು ತಪ್ಪು ಜೋಡಿಯ ಮರಿಗಳು ಎಷ್ಟೋ ಅಂಗಳ ಸೇರುತ್ತವೆ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಬೇಡರ ಬಳಿಯಿದ್ದ ಬೇಟೆನಾಯಿಗಳನ್ನು ಆರಿಸಿ ಬೆಳೆಸಿದರು ಎನ್ನುತ್ತಾರೆ, ಅಂದರೆ ಆಯ್ಕೆ ಶುರುವಾದದ್ದೇ ಬೇರೆಯವರ ನಾಯಿಗಳನ್ನು ನೋಡುವುದರಿಂದ. ಆ ಪಟ್ಟೆ ಗಂಡಿನ ಒಡೆಯನಿಗೆ ಆಗಲೇ ಹೇಳಿಟ್ಟಿದ್ದೇನೆ.

ಕಬ್ಬು ಕಟಾವಾಗಿ ಹೊಲ ಖಾಲಿಯಾದ ಮೇಲೆ ಮತ್ತೆ ಚಿತ್ರೀಕರಣ. ತಿಮ್ಮಾಪುರದ ನಾಯಿ ಸಂಶೋಧನಾ ಕೇಂದ್ರದಿಂದ ಮರಿ ತಂದವರೂ ಬನ್ನಿ, ಹೆಚ್ಚು ನಾಯಿ ಕಲಸಿದಷ್ಟೂ ಗುರುತು ಹತ್ತುವುದು ಕಷ್ಟ. ಬ್ಯಾಂಡೇಜ್ ನಮ್ಮದು. ನಿಮ್ಮ ನಾಯಿಯ ಹಗ್ಗವನ್ನು ಮಾತ್ರ ಬೇರೆಯವರ ಕೈಗೆ ಕೊಡಬೇಕು.